ಜಾಲಪುಟದ ವಿನ್ಯಾಸವೂ ಅರ್ಥಸ್ಪಷ್ಟತೆಯೂ: ಘಾಟ್ಕೋಪರ್‌ನ ಕನ್ನಡ ಓದುಗನ ದೃಷ್ಟಿಯಿಂದ

೧

ಬರೆದುದು ಓದುವವನಿಗೆ ತಿಳಿಯಬೇಕೆಂಬುದು ಬರವಣಿಗೆಯ ಮೊದಲನೆಯ ಧರ್ಮ. ಭಾರತೀಯ ಲಾಕ್ಷಣಿಕರು ಇದನ್ನು ಪ್ರಸಾದಗುಣವೆಂಬ ಹೆಸರಿನಿಂದ ಗುರುತಿಸಿದರು. ಒಣಗಿದ ಕಟ್ಟಿಗೆಯನ್ನು ಬೆಂಕಿ ವ್ಯಾಪಿಸುವಂತೆ ಅರ್ಥವು ಓದುಗನ ಮನಸ್ಸನ್ನು ಒಡನೆಯೇ ವ್ಯಾಪಿಸಬೇಕೆಂಬುದು ಆ ಗುಣಕ್ಕೆ ಅವರು ಕೊಟ್ಟ ಉಪಮಾನ. ಆದರೆ ಅವರ ವಿಚಾರವು ಶಬ್ದಾರ್ಥಗಳಿಗೆ ಸಂಬಂಧಿಸಿದ್ದು. ಅಕ್ಷರದ ಗಾತ್ರ, ಸಾಲುಗಳ ನಡುವಣ ತೆರಪು, ಮಸಿಯ ಬಣ್ಣ ಮೊದಲಾದವುಗಳನ್ನು ಲಿಪಿಕಾರನಿಗೆ ಬಿಡಲಾಗಿತ್ತು. ಮುದ್ರಣಯುಗದಲ್ಲಿ ಆ ಹೊಣೆ ಮೊಳೆ ಜೋಡಿಸುವವನದಾಯಿತು. ಇಂದು ಓದಿನ ಬಹುಭಾಗವು ಕಾಗದವನ್ನು ಬಿಟ್ಟು ಅಂಗೈಯಗಲದ ಮೊಬೈಲಿನ ತೆರೆಗೆ ಬಂದಿರುವುದರಿಂದ, ಜಾಲಪುಟವನ್ನು ಕಟ್ಟುವವನೇ ಲಿಪಿಕಾರನೂ ಮುದ್ರಕನೂ ಆಗಿದ್ದಾನೆ. ಅವನು ಮಾಡುವ ವಿನ್ಯಾಸವು ಅಲಂಕಾರವೆಂದೇ ಅನೇಕರ ಭಾವನೆ. ವಾಸ್ತವದಲ್ಲಿ ಅದು ಅರ್ಥದ ಒಂದು ಅಂಗ. ವಿನ್ಯಾಸ ಕೆಟ್ಟಲ್ಲಿ ಒಳ್ಳೆಯ ವಾಕ್ಯವೂ ತಿಳಿಯದೆ ಹೋಗುತ್ತದೆ.

ಇದಕ್ಕೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಮುಂಬಯಿಯ ಪೂರ್ವ ಉಪನಗರವಾದ ಘಾಟ್ಕೋಪರ್‌ನ ರೈಲು ನಿಲ್ದಾಣವನ್ನೇ ನೋಡಬಹುದು. ಮಧ್ಯ ರೈಲ್ವೆಯ ಉಪನಗರ ಮಾರ್ಗವೂ, ೨೦೧೪ರ ಜೂನ್ ೮ರಂದು ಆರಂಭವಾದ ವರ್ಸೋವಾ–ಅಂಧೇರಿ–ಘಾಟ್ಕೋಪರ್ ಮೆಟ್ರೋ ಮಾರ್ಗವೂ ಅಲ್ಲಿ ಸಂಧಿಸುತ್ತವೆ. ಅವಸರದಲ್ಲಿರುವ ಜನಪ್ರವಾಹಕ್ಕೆ ಅಲ್ಲಿ ದಾರಿ ತೋರಿಸುವವು ಫಲಕಗಳು. ಪ್ಲಾಟ್‌ಫಾರ್ಮಿನ ಮೇಲೆ ತೂಗುವ ಇಂಡಿಕೇಟರ್ ಹೇಳುವ ಸಂಗತಿಗಳು ಕೆಲವೇ: ಗಾಡಿ ಹೋಗುವ ಊರು, ಅದು ಬರುವ ವೇಳೆ, ಫಾಸ್ಟೋ ಸ್ಲೋವೋ ಎಂಬ ಭೇದ, ಡಬ್ಬಿಗಳ ಸಂಖ್ಯೆ. ಊರಿನ ಹೆಸರಿಗೂ ಒಂದೆರಡು ಅಕ್ಷರಗಳ ಸಂಕೇತವೇ ಸಾಕು. ರೈಲ್ವೆಯ ಚರಿತ್ರೆಯಾಗಲಿ ಅಧಿಕಾರಿಗಳ ನಾಮಾವಳಿಯಾಗಲಿ ಅಲ್ಲಿ ಇಲ್ಲ. ಪ್ರಯಾಣಿಕನು ಆ ಕ್ಷಣದಲ್ಲಿ ಕೇಳುವ ಪ್ರಶ್ನೆಗೆ ಅದು ಆ ಕ್ಷಣದಲ್ಲಿಯೇ, ನಿಂತ ಸ್ಥಳದಿಂದಲೇ ಕಾಣುವಂತೆ ಉತ್ತರ ಕೊಡುತ್ತದೆ. ಒಳ್ಳೆಯ ಜಾಲಪುಟದ ಲಕ್ಷಣವೂ ಇಷ್ಟೇ. ಓದುವವನಾರು, ಅವನ ಪ್ರಶ್ನೆಯೇನು, ಅವನ ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ ಎಂಬ ಮೂರನ್ನು ತಿಳಿದು ಕಟ್ಟಿದ ಪುಟವು ಸ್ಪಷ್ಟವಾಗಿರುತ್ತದೆ, ಉಳಿದದ್ದು ಅಸ್ಪಷ್ಟ.

೨

ಕನ್ನಡವು ಜಾಲಪುಟದ ಮೇಲೆ ಕಾಣಿಸಿಕೊಂಡ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡುವುದು ಅವಶ್ಯ. ಏಕೆಂದರೆ ಇಂದಿನ ಹಲವು ದೋಷಗಳ ಬೇರು ಅಲ್ಲಿದೆ. ಹೊಸ ಸಾಧನವೊಂದು ಬಂದಾಗ ಕನ್ನಡವು ಮೊದಲು ಚಿತ್ರದ ರೂಪದಲ್ಲಿ ಅದನ್ನು ಪ್ರವೇಶಿಸಿದುದು ಇದೇ ಮೊದಲಲ್ಲ. ೧೮೪೩ರಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ ಮೊದಲ ಕನ್ನಡ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು ಬಿಡಿ ಮೊಳೆಗಳಿಂದಲ್ಲ, ಕಲ್ಲಚ್ಚಿನಿಂದ ಅಚ್ಚಾಯಿತು. ಕಲ್ಲಿನ ಮೇಲೆ ಕೈಯಿಂದ ಬರೆದುದರ ಪ್ರತಿಬಿಂಬವೇ ಪತ್ರಿಕೆ. ಅಕ್ಷರವು ಅಲ್ಲಿ ಚಿತ್ರವಾಗಿತ್ತು. ಎತ್ತಿ ಬೇರೆಡೆ ಜೋಡಿಸಬಹುದಾದ ಬಿಡಿ ಘಟಕವಾಗಿರಲಿಲ್ಲ.

ಟಿಮ್ ಬರ್ನರ್ಸ್-ಲೀ ೧೯೮೯ರಲ್ಲಿ ಜಗದ್ವ್ಯಾಪಿ ಜಾಲದ ಯೋಜನೆಯನ್ನು ಮುಂದಿಟ್ಟ ಮೇಲೆ ಅದು ಬಹುಬೇಗ ಹರಡಿತಾದರೂ ಆರಂಭದಲ್ಲಿ ಅದರ ಭಾಷೆ ರೋಮನ್ ಲಿಪಿಯಲ್ಲಿತ್ತು. ಕನ್ನಡವನ್ನು ಅಲ್ಲಿಗೆ ಕೊಂಡೊಯ್ದವರಲ್ಲಿ ಮುಂಬಯಿಯ ಕನ್ನಡಿಗರ ಪಾಲು ಹಿರಿದು. ಘಾಟ್ಕೋಪರ್‌ಗೆ ದೂರವಲ್ಲದ ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಬಹುಕಾಲ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜರು ೧೯೯೬ರಲ್ಲಿ ‘ವಿಶ್ವಕನ್ನಡ’ವನ್ನು ಆರಂಭಿಸಿದರು, ಮೊದಲ ಕನ್ನಡ ಜಾಲತಾಣವೆಂದು ಅದು ಪ್ರಸಿದ್ಧವಾಗಿದೆ. ಮುಂಬಯಿಯ ಮುದ್ರಣೋದ್ಯಮದಲ್ಲಿ ಅಕ್ಷರಜೋಡಣೆಯ ಯಂತ್ರಗಳೊಡನೆ ದುಡಿದ ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡದ ಉಚ್ಚಾರಣಾಕ್ರಮವನ್ನನುಸರಿಸುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ಕರ್ನಾಟಕ ಸರ್ಕಾರವು ಮುಂದೆ ಅದನ್ನು ಮಾನ್ಯಮಾಡಿತು. ಪವಾಯಿಯ ಐಐಟಿಯ ವಿನ್ಯಾಸ ಕೇಂದ್ರದಲ್ಲಿ ಅಧ್ಯಾಪಕರಾಗಿದ್ದ ಅಕ್ಷರಶಿಲ್ಪಿ ರಘುನಾಥ ಜೋಶಿಯವರು ಮರಾಠಿಗರಾದರೂ, ವಿಂಡೋಸ್ ಎಕ್ಸ್‌ಪಿಯೊಡನೆ ೨೦೦೧ರಲ್ಲಿ ಬಂದ ‘ತುಂಗಾ’ ಎಂಬ ಕನ್ನಡ ಅಕ್ಷರಮಾಲೆಯ ನಿರ್ಮಾಣವನ್ನು ನಿರ್ದೇಶಿಸಿದವರು ಅವರೇ.

ಮೊದಲ ದಿನಗಳ ಕನ್ನಡ ಪುಟಗಳಲ್ಲಿ ಒಂದು ತೊಡಕಿತ್ತು. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸಂಖ್ಯೆಗಳ ಮೇಲೆ ಕನ್ನಡದ ರೂಪಗಳನ್ನು ಹೊದಿಸಿ ಅಕ್ಷರಮಾಲೆಗಳನ್ನು ತಯಾರಿಸಲಾಗಿತ್ತು. ಆ ಅಕ್ಷರಮಾಲೆ ಯಂತ್ರದಲ್ಲಿದ್ದರೆ ಕನ್ನಡ ಕಾಣುತ್ತಿತ್ತು. ಇಲ್ಲದಿದ್ದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ ಕಾಣುತ್ತಿತ್ತು. ಕಣ್ಣಿಗೆ ಕನ್ನಡವಾದರೂ ಯಂತ್ರದ ಪಾಲಿಗೆ ಅದು ಕನ್ನಡವಾಗಿರಲಿಲ್ಲ. ಪ್ರತಿಯೊಂದು ಲಿಪಿಗೂ ಸ್ವತಂತ್ರ ಸಂಕೇತಗಳನ್ನು ಕೊಡುವ ಯೂನಿಕೋಡ್ ೧೯೯೧ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವನ್ನು ಕೊಟ್ಟಿತ್ತಾದರೂ ಅದು ಬಳಕೆಗೆ ಬರಲು ಕಾಲ ಹಿಡಿಯಿತು. ಆಂಡ್ರಾಯ್ಡ್ ಮೊಬೈಲುಗಳ ಮೂಲ ವ್ಯವಸ್ಥೆಯಲ್ಲಿ ಕನ್ನಡ ಸೇರಿದುದು ೨೦೧೨ರಲ್ಲಿ.

ಆ ತೊಡಕು ಕಳೆದಿದ್ದರೂ ಅದು ಕಲಿಸಿದ ಅಭ್ಯಾಸ ಕಳೆದಿಲ್ಲ. ಪ್ರಕಟಣೆಯನ್ನು ಹಳೆಯ ಅಕ್ಷರಮಾಲೆಯಲ್ಲಿ ಜೋಡಿಸಿ, ಅದರ ಚಿತ್ರವನ್ನೋ ಪಿಡಿಎಫ್ ಪ್ರತಿಯನ್ನೋ ಜಾಲತಾಣದಲ್ಲಿ ಏರಿಸುವುದು ಇಂದಿಗೂ ಸಾಮಾನ್ಯ ಪದ್ಧತಿ. ಇದು ಕಲ್ಲಚ್ಚಿನ ಕಾಲಕ್ಕೆ ಹಿಂದಿರುಗಿದಂತೆ. ಚಿತ್ರದೊಳಗಿನ ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲು ತೆರೆಯಿಂದ ಹೊರಗೆ ಸರಿಯುತ್ತದೆ. ಅದನ್ನು ಯಂತ್ರವು ಅಂಧರಿಗೆ ಸರಿಯಾಗಿ ಓದಿ ಹೇಳಲಾರದು. ಹುಡುಕುವವನಿಗೂ ಅದು ಸುಲಭವಾಗಿ ಸಿಕ್ಕದು. ಕನ್ನಡ ಸಂಘವೊಂದರ ಐವತ್ತು ವರ್ಷಗಳ ವರದಿಗಳು ಜಾಲದಲ್ಲಿದ್ದೂ, ಅವುಗಳಲ್ಲಿ ಒಂದು ಹೆಸರನ್ನು ಹುಡುಕಲಾಗದಿದ್ದರೆ, ಅವು ಬೀಗಹಾಕಿದ ಕಪಾಟಿನಲ್ಲಿದ್ದಂತೆಯೇ ಸರಿ. ಆದಕಾರಣ ಸ್ಪಷ್ಟತೆಯ ಮೊದಲನೆಯ ಮೆಟ್ಟಿಲು, ಕನ್ನಡವನ್ನು ಯೂನಿಕೋಡ್ ಪಠ್ಯವಾಗಿಯೇ ಪುಟದಲ್ಲಿಡುವುದು.

೩

ಎರಡನೆಯ ಮೆಟ್ಟಿಲು ಓದುಗನನ್ನು ಅರಿಯುವುದು. ಘಾಟ್ಕೋಪರ್‌ನಂತಹ ಉಪನಗರದ ಕನ್ನಡ ಓದುಗರನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಊರಿನಿಂದ ಬಂದು ಇಲ್ಲಿಯೇ ನೆಲೆನಿಂತ ಹಿರಿಯರು ಮೊದಲನೆಯವರು. ಇವರಿಗೆ ಕನ್ನಡದ ಓದು ಚೆನ್ನಾಗಿದೆ, ಆದರೆ ದೃಷ್ಟಿ ಮಂದವಾಗಿದೆ. ಮಕ್ಕಳು ಕೊಟ್ಟ ಮೊಬೈಲಿನಲ್ಲಿ ಯಾವ ಗುರುತನ್ನು ಮುಟ್ಟಿದರೆ ಏನಾದೀತೆಂಬ ಅಂಜಿಕೆಯೂ ಇದೆ. ಹೋಟೆಲು, ಅಂಗಡಿ, ಕಾರ್ಖಾನೆಗಳಲ್ಲಿ ದುಡಿಯುವವರು ಎರಡನೆಯವರು. ಇವರು ಕನ್ನಡವನ್ನು ಸರಾಗವಾಗಿ ಓದಬಲ್ಲರು. ಇಂಗ್ಲಿಷ್ ಅಷ್ಟು ಒಗ್ಗಿಲ್ಲ. ಓದಲು ಸಿಗುವ ಸಮಯ ಮಧ್ಯಾಹ್ನದ ಊಟದ ಗಿರಾಕಿಗಳು ಕರಗಿ ಸಂಜೆಯವರು ಬರುವ ನಡುವಣ ಬಿಡುವು ಮಾತ್ರ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಮಕ್ಕಳು ಮೂರನೆಯವರು. ಇವರ ಮನೆಮಾತು ಕನ್ನಡವೋ ತುಳುವೋ ಆಗಿದ್ದರೂ ಇವರಲ್ಲಿ ಅನೇಕರಿಗೆ ಕಣ್ಣಿಗೆ ರೂಢಿಯಾದ ಲಿಪಿಗಳು ದೇವನಾಗರಿ ಮತ್ತು ರೋಮನ್. ಮುಂಬಯಿ ಮಹಾನಗರಪಾಲಿಕೆಯು ಶಾಲೆಗಳನ್ನು ನಡೆಸುತ್ತ ಬಂದಿರುವ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದಾದರೂ, ಕನ್ನಡ ಕುಟುಂಬಗಳ ಮಕ್ಕಳೆಲ್ಲರೂ ಆ ಶಾಲೆಗಳಲ್ಲಿ ಕಲಿತವರಲ್ಲ.

ಒಂದೇ ಪುಟವು ಈ ಮೂವರಿಗೂ ಸಲ್ಲಬೇಕು. ಹಿರಿಯರಿಗಾಗಿ ಅಕ್ಷರ ದೊಡ್ಡದಾಗಿರಬೇಕು. ದುಡಿಯುವವರಿಗಾಗಿ ಮುಖ್ಯ ಸಂಗತಿ ಮೊದಲಿರಬೇಕು. ಕಿರಿಯರಿಗಾಗಿ ವಾಕ್ಯಗಳು ಚಿಕ್ಕವಾಗಿರಬೇಕು, ಕಠಿಣಶಬ್ದಗಳು ವಿರಳವಾಗಿರಬೇಕು, ದಿನ–ಸ್ಥಳ–ದೂರವಾಣಿಗಳಂತಹ ವಿವರಗಳು ಅವರು ಬಲ್ಲ ಲಿಪಿಯಲ್ಲಿಯೂ ಇರಬೇಕು. ಈ ಮೂರು ಅಪೇಕ್ಷೆಗಳು ಪರಸ್ಪರ ವಿರುದ್ಧವಲ್ಲವೆಂಬುದು ಗಮನಾರ್ಹ.

೪

ಈಗ ಲಿಪಿಯ ವಿಚಾರ. ಜಾಲಪುಟಗಳ ಸಿದ್ಧ ಮಾದರಿಗಳು ಬಹುಮಟ್ಟಿಗೆ ರೋಮನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ರಚಿತವಾದವು. ಅವುಗಳಲ್ಲಿ ಇಂಗ್ಲಿಷನ್ನು ತೆಗೆದು ಕನ್ನಡವನ್ನು ತುಂಬಿದರೆ ಕೆಲಸವಾಯಿತೆಂದು ಭಾವಿಸುವುದು ತಪ್ಪು. ಕನ್ನಡ ಲಿಪಿಯ ಪ್ರಕೃತಿಯೇ ಬೇರೆ.

ಮೊದಲನೆಯದಾಗಿ, ಕನ್ನಡದ ಅಕ್ಷರಭೇದಗಳು ಬಹಳ ಸೂಕ್ಷ್ಮವಾದವು. ‘ಪ’ಕಾರದೊಳಗೆ ಒಂದು ಗೆರೆ ಸೇರಿದರೆ ‘ಷ’ಕಾರ, ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’, ‘ಬ’ ಮತ್ತು ‘ಭ’ಗಳ ನಡುವೆ ಇರುವುದು ಕೆಳಗಣ ಒಂದು ಸೀಳು, ‘ಧ’ಕಾರದ ಹೊಟ್ಟೆಯಲ್ಲಿ ಒಂದು ಚುಕ್ಕೆಯಿಟ್ಟರೆ ‘ಥ’ಕಾರ. ಅಕ್ಷರ ಚಿಕ್ಕದಾದಾಗ ಮೊದಲು ಅಳಿಯುವವು ಈ ಸೀಳು ಚುಕ್ಕೆಗಳೇ. ಇಂಗ್ಲಿಷಿಗೆ ಸಾಕಾಗುವ ಗಾತ್ರವು ಕನ್ನಡಕ್ಕೆ ಸಾಲದೆಂಬುದು ಇದರಿಂದ ಸಿದ್ಧ. ದಪ್ಪಕ್ಷರಗಳನ್ನು ಬಳಸುವಾಗಲೂ ಎಚ್ಚರ ಬೇಕು. ಗೆರೆ ದಪ್ಪವಾದಷ್ಟೂ ಅಕ್ಷರದ ಒಳಗಣ ಬಯಲು ಮುಚ್ಚಿಹೋಗುತ್ತದೆ.

ಎರಡನೆಯದಾಗಿ, ಕನ್ನಡದ ಸಾಲಿಗೆ ಕೆಳಗೊಂದು ಅಂತಸ್ತು ಉಂಟು. ‘ಮಹಾರಾಷ್ಟ್ರ’ ಎಂದು ಬರೆದರೆ ‘ಷ’ಕಾರಕ್ಕೆ ‘ಟ’ ‘ರ’ಗಳ ಎರಡು ಒತ್ತುಗಳು ಸೇರುತ್ತವೆ. ಸಾಲುಗಳ ನಡುವೆ ತೆರಪು ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಚಿಹ್ನೆಗೆ ತಾಗಿ ಎರಡೂ ಕೆಡುತ್ತವೆ. ಜಾಲದ ನಿಯಮಗಳನ್ನು ರೂಪಿಸುವ ಅಂತರರಾಷ್ಟ್ರೀಯ ಒಕ್ಕೂಟವು ೨೦೦೮ರಲ್ಲಿ ಪ್ರಕಟಿಸಿದ ಸುಗಮ್ಯತೆಯ ಮಾರ್ಗಸೂತ್ರಗಳು ತಮ್ಮ ಅತ್ಯುನ್ನತ ಮಟ್ಟದಲ್ಲಿ ಒಂದೂವರೆ ಸಾಲಿನ ಅಂತರವನ್ನು ಅಪೇಕ್ಷಿಸುತ್ತವೆ. ಕನ್ನಡಕ್ಕಾದರೋ ಇದು ಉನ್ನತ ಆದರ್ಶವಲ್ಲ, ಕನಿಷ್ಠ ಅವಶ್ಯಕತೆಯೆಂದೇ ಹೇಳಬೇಕು.

ಮೂರನೆಯದಾಗಿ, ಸಂಧಿಯಿಂದಲೂ ಪ್ರತ್ಯಯಗಳಿಂದಲೂ ಕನ್ನಡದ ಪದಗಳು ಉದ್ದವಾಗುತ್ತವೆ. ‘ಬರಬೇಕಾಗಿರುವುದರಿಂದ’ ಎಂಬ ಒಂದೇ ಪದ ಮೊಬೈಲಿನ ಅರ್ಧಸಾಲನ್ನು ಆಕ್ರಮಿಸಬಹುದು. ಅಚ್ಚಿನ ಪುಸ್ತಕದಂತೆ ಎರಡೂ ಅಂಚುಗಳನ್ನು ಸಮಮಾಡಹೊರಟರೆ ಪದಗಳ ನಡುವೆ ಕಂದರಗಳೇಳುತ್ತವೆ. ಎಡ ಅಂಚನ್ನು ಮಾತ್ರ ಸಮಮಾಡಿ ಬಲವನ್ನು ಅದರ ಪಾಡಿಗೆ ಬಿಡುವುದು ಲೇಸು. ಒತ್ತಬೇಕಾದ ಗುಂಡಿಗಳ ಮೇಲಿನ ಮಾತಿಗೂ ಇದೇ ಕಷ್ಟ. ಇಂಗ್ಲಿಷಿನ ಚಿಕ್ಕ ಪದಕ್ಕೆಂದು ಅಳೆದ ಗುಂಡಿಯಲ್ಲಿ ‘ನೋಂದಾಯಿಸಿಕೊಳ್ಳಿ’ ಎಂಬುದು ಹಿಡಿಸದೆ ಅರ್ಧದಲ್ಲಿ ತುಂಡಾಗುತ್ತದೆ. ‘ಹೆಸರು ಕೊಡಿ’ ಎಂದರೆ ಸ್ಥಳವೂ ಉಳಿಯುತ್ತದೆ, ಅರ್ಥವೂ ತಿಳಿಯುತ್ತದೆ.

ನಾಲ್ಕನೆಯದು ಬಣ್ಣದ ವಿಚಾರ. ಇಲ್ಲಿ ಕನ್ನಡಿಗರ ಅಭಿಮಾನವೇ ಕೆಲವೊಮ್ಮೆ ಓದಿಗೆ ಅಡ್ಡಬರುತ್ತದೆ. ಕನ್ನಡ ಸಂಘಗಳ ಪುಟಗಳಲ್ಲಿ ಹಳದಿ ಕೆಂಪುಗಳು ಹೇರಳವಾಗಿ ಕಾಣುವುದು ಸಹಜ. ಮೇಲೆ ಹೇಳಿದ ಮಾರ್ಗಸೂತ್ರಗಳು ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸವನ್ನು ಅಳೆಯಲು ಒಂದು ಪ್ರಮಾಣವನ್ನು ಕೊಟ್ಟಿವೆ. ಬಿಳಿಯ ಮೇಲೆ ಕಪ್ಪಿನ ಪ್ರಮಾಣ ೨೧ಕ್ಕೆ ೧. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ ೪.೫ಕ್ಕೆ ೧ ಇರಬೇಕು. ದೊಡ್ಡ ಅಕ್ಷರಕ್ಕೆ ೩ಕ್ಕೆ ೧ ಸಾಕು. ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪನ್ನಿಟ್ಟು ಲೆಕ್ಕಹಾಕಿದರೆ ಬರುವುದು ಸುಮಾರು ೩.೭. ಅಂದರೆ ಆ ಜೋಡಿ ಶೀರ್ಷಿಕೆಗೆ ಸಲ್ಲುತ್ತದೆ, ಒಳಬರಹಕ್ಕೆ ಸಲ್ಲುವುದಿಲ್ಲ. ಕೆಂಪನ್ನು ಕುಂಕುಮದ ಗಾಢತೆಗೆ ಇಳಿಸಿದರೆ ಪ್ರಮಾಣವು ಆರನ್ನು ಮೀರುತ್ತದೆ. ಬಣ್ಣವನ್ನು ಬಿಡಬೇಕಾಗಿಲ್ಲ, ಅದರ ಛಾಯೆಯನ್ನು ತಿದ್ದಿದರೆ ಸಾಕೆಂಬುದು ಈ ಲೆಕ್ಕದ ತಾತ್ಪರ್ಯ. ವಿಷಯದ ಬರಹವನ್ನು ಮಾತ್ರ ಬಿಳಿಯ ಮೇಲೆ ಕಪ್ಪಾಗಿಯೇ ಇಡುವುದು ಎಲ್ಲಕ್ಕಿಂತ ಕ್ಷೇಮಕರ.

೫

ಲಿಪಿ ಸ್ಪಷ್ಟವಾದರೂ ಸಂಗತಿಗಳ ಅನುಕ್ರಮ ಕೆಟ್ಟರೆ ಪುಟ ಕೆಟ್ಟಂತೆಯೇ. ಇದನ್ನು ಒಂದು ಕಲ್ಪಿತ ಪ್ರಕಟಣೆಯಿಂದ ಪರಿಶೀಲಿಸಬಹುದು. ಸಂಘವೊಂದು ವಿದ್ಯಾರ್ಥಿವೇತನವನ್ನು ಕೊಡುತ್ತದೆಯೆಂದು ಭಾವಿಸಲಾಗಲಿ. ಪ್ರಕಟಣೆಯು ವಾಡಿಕೆಯಂತೆ ಹೀಗೆ ಆರಂಭವಾಗುತ್ತದೆ: “ಪ್ರತಿವರ್ಷದಂತೆ ಈ ವರ್ಷವೂ ಸಂಘದ ಆಶ್ರಯದಲ್ಲಿ, ಆಡಳಿತ ಮಂಡಳಿಯ ಮಹನೀಯರ ಹಾಗೂ ದಾನಿಗಳ ಸಹಕಾರದಿಂದ, ಪ್ರತಿಭಾನ್ವಿತ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನವನ್ನು ವಿತರಿಸಲು ತೀರ್ಮಾನಿಸಲಾಗಿದ್ದು, ಆಸಕ್ತರು ಇದರ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಕೋರಲಾಗಿದೆ.” ಅನಂತರ ಪದಾಧಿಕಾರಿಗಳ ಭಾವಚಿತ್ರಗಳು, ಅವುಗಳ ಕೆಳಗೆ ದಾನಿಗಳ ಹೆಸರುಗಳು, ಕೊನೆಯ ಮೂಲೆಯಲ್ಲಿ, ಚಿಕ್ಕ ಅಕ್ಷರಗಳಲ್ಲಿ, ಅರ್ಜಿ ಸಲ್ಲಿಸಲು ಕಡೆಯ ದಿನಾಂಕ.

ಹೋಟೆಲಿನ ಬಿಡುವಿನಲ್ಲಿ ಇದನ್ನು ನೋಡುವ ತಂದೆಗೆ ಬೇಕಾದ ಉತ್ತರಗಳು ನಾಲ್ಕು: ತನ್ನ ಮಗುವಿಗೆ ಇದು ಸಲ್ಲುವುದೇ? ಕಡೆಯ ದಿನ ಯಾವುದು? ಯಾವ ಯಾವ ಕಾಗದಪತ್ರಗಳು ಬೇಕು? ಅರ್ಜಿಯನ್ನು ಎಲ್ಲಿ ಕೊಡಬೇಕು? ಮೇಲಿನ ಪ್ರಕಟಣೆಯ ಮೊದಲ ತೆರೆಯಲ್ಲಿ ಈ ನಾಲ್ಕರಲ್ಲಿ ಒಂದಕ್ಕೂ ಉತ್ತರವಿಲ್ಲ. ಅದೇ ವಿಷಯವನ್ನು ಬೇರೆ ಕ್ರಮದಲ್ಲಿಡಬಹುದು: “ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ವಿದ್ಯಾರ್ಥಿವೇತನ. ಅರ್ಜಿ ಕೊಡಲು ಕೊನೆಯ ದಿನ ಜುಲೈ ೧೫, ಸಂಜೆ ೭ ಗಂಟೆ. ತರಬೇಕಾದವು: ಅಂಕಪಟ್ಟಿ, ರೇಷನ್ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ಇವುಗಳ ಒಂದೊಂದು ಝೆರಾಕ್ಸ್. ಅರ್ಜಿಯನ್ನು ಸಂಘದ ಕಚೇರಿಯಲ್ಲಿ ಕೊಡಿ.” ಇದರ ಕೆಳಗೆ ಅರ್ಜಿಯ ನಮೂನೆಗೆ ಒಂದು ಕೊಂಡಿ, ಮುಟ್ಟಿದೊಡನೆ ಕರೆಹೋಗುವಂತೆ ಒಂದು ದೂರವಾಣಿ ಸಂಖ್ಯೆ. ದಾನಿಗಳ ಹೆಸರುಗಳು ಅದರ ಕೆಳಗೆ ಇರಲಿ. ಅವರ ಔದಾರ್ಯಕ್ಕೆ ಇದರಿಂದ ಕುಂದುಂಟಾಗದು. ಕಡೆಯ ದಿನಾಂಕ ಕಾಣದೆ ಒಂದು ಮಗುವಿನ ಅರ್ಜಿ ತಪ್ಪಿದರೆ ಮಾತ್ರ ದಾನವೇ ವ್ಯರ್ಥವಾಗುತ್ತದೆ.

ಪುಟದೊಳಗಣ ಕೊಂಡಿಗಳಿಗೆ ಹೆಸರಿಡುವಾಗಲೂ ಇದೇ ವಿವೇಕ ಬೇಕು. ‘ಇಲ್ಲಿ ಒತ್ತಿ’ ಎಂಬ ಮಾತು ಎಲ್ಲಿಗೆ ಹೋಗುವುದೆಂಬುದನ್ನು ಹೇಳುವುದಿಲ್ಲ. ‘ಅರ್ಜಿ ನಮೂನೆ’, ‘ಸಭಾಗೃಹದ ಬಾಡಿಗೆ’, ‘ಕಚೇರಿಗೆ ದಾರಿ’ ಎಂಬಿವು ಹೇಳುತ್ತವೆ. ಜಾಲತಾಣದ ಮೊದಲ ಪುಟದಲ್ಲಿ ಇಂತಹ ಐದಾರು ಹೆಸರುಗಳಿದ್ದರೆ ಸಾಕು. ಇಪ್ಪತ್ತಿದ್ದರೆ ಓದುಗನು ಆರಿಸುವುದರಲ್ಲಿಯೇ ದಣಿಯುತ್ತಾನೆ. ಪದಗಳನ್ನು ಯಂತ್ರಾನುವಾದಕ್ಕೇ ಬಿಡುವುದೂ ಅಪಾಯಕರ. ಇಂಗ್ಲಿಷಿನಲ್ಲಿ ಮುಖಪುಟಕ್ಕೆ ಬಳಸುವ ‘ಹೋಮ್’ ಎಂಬ ಪದವು ಕನ್ನಡದಲ್ಲಿ ‘ಮನೆ’ಯಾಗಿ ಕುಳಿತರೆ ಹಿರಿಯ ಓದುಗನು ಅದರಿಂದ ಏನನ್ನು ಗ್ರಹಿಸಬೇಕು?

೬

ಕಣ್ಣಿನಿಂದ ಓದಲಾರದವರ ವಿಚಾರವನ್ನು ಇಲ್ಲಿ ಬಿಡುವಂತಿಲ್ಲ. ತೆರೆಯ ಮೇಲಿನ ಪಠ್ಯವನ್ನು ಧ್ವನಿಯಾಗಿ ಓದುವ ತಂತ್ರಾಂಶಗಳು ಕನ್ನಡವನ್ನೂ ಓದುತ್ತವೆ. ಆದರೆ ಪುಟದ ಭಾಷೆ ಕನ್ನಡವೆಂದು ಅದರ ಒಳರಚನೆಯಲ್ಲಿ ಸೂಚಿಸಿರಬೇಕು. ಶೀರ್ಷಿಕೆಗಳನ್ನು ಶೀರ್ಷಿಕೆಗಳೆಂದೇ ಗುರುತಿಸಿರಬೇಕು, ಕೇವಲ ದಪ್ಪಕ್ಷರದಲ್ಲಿ ಬರೆದರೆ ಸಾಲದು. ಚಿತ್ರಗಳಿಗೆ ಒಂದು ಸಾಲಿನ ವಿವರಣೆಯಿರಬೇಕು. ಭಾರತ ಸರ್ಕಾರವು ತನ್ನ ಜಾಲತಾಣಗಳಿಗಾಗಿ ೨೦೦೯ರಲ್ಲಿಯೇ ಇಂತಹ ಮಾರ್ಗಸೂಚಿಗಳನ್ನು ಹೊರಡಿಸಿತು. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಮಾಹಿತಿಯ ಸುಗಮ್ಯತೆಯನ್ನು ಹಕ್ಕಿನ ವಿಷಯವನ್ನಾಗಿ ಮಾಡಿತು. ಸಂಘಸಂಸ್ಥೆಗಳು ಕಾನೂನಿಗಾಗಿ ಅಲ್ಲದಿದ್ದರೂ ತಮ್ಮ ಸದಸ್ಯರಿಗಾಗಿ ಇದನ್ನು ಪಾಲಿಸಬೇಕಾದುದು ನ್ಯಾಯ. ಅಂಧರಿಗಾಗಿ ಮಾಡಿದ ಈ ವ್ಯವಸ್ಥೆಯಿಂದ ಕನ್ನಡವನ್ನು ಕೇಳಿದರೆ ತಿಳಿಯಬಲ್ಲ, ಆದರೆ ಓದಲಾರದ ಮುಂಬಯಿಯ ಮಕ್ಕಳಿಗೂ ಪ್ರಯೋಜನವುಂಟು. ಬರೆದ ಕನ್ನಡವು ಅವರಿಗೆ ಕಿವಿಯ ಮೂಲಕ ತಲುಪುತ್ತದೆ.

೭

ಇಷ್ಟು ಹೇಳಿದ ಮೇಲೂ ಎರಡು ಆಕ್ಷೇಪಗಳು ಉಳಿಯುತ್ತವೆ. ಮುಂಬಯಿಯಲ್ಲಿ ಎಲ್ಲರೂ ಇಂಗ್ಲಿಷನ್ನೋ ಹಿಂದಿಯನ್ನೋ ಬಲ್ಲರು, ಕನ್ನಡ ಪುಟಕ್ಕೆ ಇಷ್ಟು ಶ್ರಮವೇಕೆ ಎಂಬುದು ಒಂದು. ವ್ಯವಹಾರಕ್ಕೆ ಸಾಕಾಗುವ ಭಾಷೆಗೂ ಅರ್ಜಿಯ ನಿಬಂಧನೆಗಳನ್ನು ತಪ್ಪಿಲ್ಲದೆ ತಿಳಿಯಲು ಬೇಕಾಗುವ ಭಾಷೆಗೂ ಅಂತರವಿದೆಯೆಂಬುದೇ ಇದಕ್ಕೆ ಉತ್ತರ. ಗಿರಾಕಿಯೊಡನೆ ಹಿಂದಿಯಲ್ಲಿ ಸರಾಗವಾಗಿ ಮಾತನಾಡುವವನೂ ವಿಮೆಯ ಕಾಗದವನ್ನು ಕನ್ನಡದಲ್ಲಿಯೇ ಓದಬಯಸುತ್ತಾನೆ. ಮೇಲಾಗಿ, ಕನ್ನಡ ಪುಟವು ಓದಲು ಕಷ್ಟವಾದರೆ ಕನ್ನಡ ಬಲ್ಲವನೂ ಇಂಗ್ಲಿಷ್ ಪುಟಕ್ಕೆ ಸರಿಯುತ್ತಾನೆ. ಅನಂತರ ಕನ್ನಡ ಪುಟಕ್ಕೆ ಓದುಗರಿಲ್ಲವೆಂದು ಅದನ್ನು ನಿಲ್ಲಿಸಲಾಗುತ್ತದೆ. ಇಂತಹ ಸಂದರ್ಭದಲ್ಲಿ ಭಾಷೆಯ ದೋಷವೆಂದು ಎಣಿಸಿದ್ದು ವಿನ್ಯಾಸದ ದೋಷವೇ ಆಗಿರಬಹುದು.

ಇಷ್ಟು ಸರಳಗೊಳಿಸಿದರೆ ಪುಟದ ಸೌಂದರ್ಯ ಹಾಳಾಗದೇ ಎಂಬುದು ಇನ್ನೊಂದು ಆಕ್ಷೇಪ. ಸಮಾರಂಭದ ಆಮಂತ್ರಣಕ್ಕೆ ಬಳ್ಳಿಬರಹವೂ ಚಿತ್ತಾರವೂ ಶೋಭೆಯೇ. ಆದರೆ ರಕ್ತದಾನ ಶಿಬಿರದ ಸ್ಥಳವನ್ನು ಹುಡುಕುವವನಿಗೆ ಅವು ಅಡ್ಡಿ. ಸಂದರ್ಭವನ್ನರಿತು ಅಲಂಕಾರವನ್ನು ಬಳಸಬೇಕೆಂಬ ಔಚಿತ್ಯದ ತತ್ತ್ವವು ಕಾವ್ಯಕ್ಕೆ ಹೇಗೋ ಜಾಲಪುಟಕ್ಕೂ ಹಾಗೆಯೇ ಅನ್ವಯಿಸುತ್ತದೆ.

ಪುಟವು ಸ್ಪಷ್ಟವಾಗಿದೆಯೇ ಎಂಬುದನ್ನು ನಿರ್ಣಯಿಸಲು ತಜ್ಞರ ಸಮಿತಿ ಬೇಕಾಗಿಲ್ಲ. ಪ್ರಕಟಿಸುವುದಕ್ಕೆ ಮುಂಚೆ ಅದನ್ನು ಸಾಧಾರಣ ಮೊಬೈಲಿನಲ್ಲಿ ತೆರೆದು, ಮೇಲೆ ಹೇಳಿದ ಮೂರು ವರ್ಗಗಳಿಂದ ಒಬ್ಬೊಬ್ಬರನ್ನು ಕರೆದು, ಒಂದೊಂದು ಪ್ರಶ್ನೆಯನ್ನು ಕೇಳಿದರೆ ಸಾಕು: ಕೊನೆಯ ದಿನ ಯಾವುದು? ಎಲ್ಲಿಗೆ ಹೋಗಬೇಕು? ಯಾರನ್ನು ಕೇಳಬೇಕು? ಅವರು ಎಡವಿದ ಕಡೆಯಲ್ಲಿ ಅವರಿಗೆ ವಿವರಿಸಿ ಹೇಳಬಾರದು, ಪುಟವನ್ನು ತಿದ್ದಬೇಕು. ಅಕ್ಷರವನ್ನು ಇಮ್ಮಡಿ ದೊಡ್ಡದು ಮಾಡಿಯೂ ಒಮ್ಮೆ ನೋಡಬೇಕು. ಆಗಲೂ ಸಾಲುಗಳು ತೆರೆಯೊಳಗೇ ನಿಂತರೆ ಹಿರಿಯರಿಗೆ ತೊಂದರೆಯಿಲ್ಲ. ಇದಕ್ಕೆ ತಗಲುವ ಕಾಲ ಅರ್ಧಗಂಟೆಗೆ ಮೀರದು. ಹೊರನಾಡಿನಲ್ಲಿ ಕನ್ನಡವನ್ನು ಉಳಿಸುವ ಮಾತು ವೇದಿಕೆಗಳ ಮೇಲೆ ಮತ್ತೆ ಮತ್ತೆ ಕೇಳಿಬರುತ್ತದೆ. ಮೊಬೈಲಿನ ತೆರೆಯ ಮೇಲೆ ಕನ್ನಡದ ಒಂದು ಪ್ರಕಟಣೆಯನ್ನು ಯಾರ ಸಹಾಯವೂ ಇಲ್ಲದೆ ಓದಿ ತಿಳಿದುಕೊಳ್ಳುವಂತೆ ಮಾಡುವುದು ಆ ಕಾರ್ಯದ ಅತಿ ಸಾಮಾನ್ಯವಾದ, ಆದರೆ ಅನಿವಾರ್ಯವಾದ ಭಾಗವಾಗಿದೆ.